ಅಂಟು ಒಣಗುವ ತನಕ ಅರ್ಜನ್ ಸಿಂಗ್ ಅವರ ವಿಷಯ

ಕತ್ತರಿಸಿದ್ದು, ಉಜ್ಜಿದ್ದು ವಿಡಿಯೊದಲ್ಲಿ ನೀವೇ ನೋಡುತ್ತಿದ್ದೀರಿ, ಅದನ್ನು ಬಿಡೋಣ. ಇದು ವ್ಯಾಂಪೈರ್ ಯುದ್ಧವಿಮಾನದ ಪ್ಲಾಸ್ಟಿಕ್ ಮಾದರಿ. 1965ರ ಯುದ್ಧದಲ್ಲಿ ನಮ್ಮ ವಾಯುಪಡೆಯ ಮುಖ್ಯಸ್ಥರಾಗಿದ್ದ ಅರ್ಜನ್ ಸಿಂಗ್ ಅವರ ಒಂದು ಆದೇಶ ತಲೆಯಿಂದ ಹೋಗದೆ ಇದನ್ನು ಕೊಂಡೆ.

1965ರ ಸೆಪ್ಟೆಂಬರ್ 1. ಜಮ್ಮುವಿನ ಗಡಿಯ ಛಂಬ್ ಕಡೆಯಿಂದ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳು ನುಗ್ಗಿದ್ದವು. ಅಖ್ನೂರಿನ ಸೇತುವೆ ಕೈತಪ್ಪಿದರೆ ರಾಜೌರಿ, ಪೂಂಛ್ ಕಡೆಯ ನಮ್ಮ ಸೈನಿಕರಿಗೆ ದಾರಿಯೇ ಇಲ್ಲ. ವಾಯುಪಡೆಗೆ ಎಷ್ಟು ಹೊತ್ತು ಬೇಕು ಎಂದು ರಕ್ಷಣಾ ಸಚಿವ ಚವ್ಹಾಣ್ ಕೇಳಿದಾಗ ಒಂದು ಗಂಟೆ ಎಂದರು ಅರ್ಜನ್ ಸಿಂಗ್. ಪಠಾಣ್‌ಕೋಟ್‌ನಿಂದ ಮೊದಲ ವಿಮಾನಗಳು ಎದ್ದದ್ದು 26 ನಿಮಿಷಕ್ಕೆ. ಎದ್ದದ್ದು ಈ ವ್ಯಾಂಪೈರ್‌ಗಳೇ.

ಇಲ್ಲಿ ನೋಡಿ, ಬಾಲದ ಎರಡು ದಂಡಗಳಲ್ಲಿ ಎಡಗಡೆಯದು ಓರೆಯಾಗಿದೆ. ನಿನ್ನೆ ರಾತ್ರಿ ನೆಟ್ಟಗಿತ್ತು, ಬೆಳಿಗ್ಗೆ ಒಣಗುವಷ್ಟರಲ್ಲಿ ತಿರುಗಿದೆ. ನಡುವಿನ ಅಡ್ಡರೆಕ್ಕೆ ಒಂದು ಕಡೆ ಕೂರುತ್ತದೆ, ಇನ್ನೊಂದು ಕಡೆ ಏಳುತ್ತದೆ. ಒತ್ತಿದೆ, ಬುಡದಲ್ಲಿ ಬಿರುಕು ಬಿಟ್ಟಿತು. ಬ್ಲೇಡಿನಿಂದ ಬಿಡಿಸಿ, ಹಳೆಯ ಅಂಟನ್ನೆಲ್ಲ ಉಪ್ಪುಕಾಗದದಲ್ಲಿ ಉಜ್ಜಿ, ಮತ್ತೆ ಅಂಟಿಸಿ ದಾರ ಸುತ್ತಿದೆ. ಸಡಿಲವಾಯಿತು, ಮತ್ತೆ ಬಿಡಿಸಿದೆ. ಒಂದಿಡೀ ಮಧ್ಯಾಹ್ನ ಇಷ್ಟಕ್ಕೇ ಹೋಯಿತು. ಎರಡು ದಂಡಗಳಿರುವ ವಿಮಾನವನ್ನು ಕಲಿಯುವವರು ಕೊಳ್ಳಲೇಬಾರದು!

ನಿಜವಾದ ವ್ಯಾಂಪೈರ್‌ನಲ್ಲಿ ಪೈಲಟ್ ಕೂರುವ ಭಾಗ ಮರದ್ದು. ಅದರಲ್ಲಿ ಕೂತು ಪಾಕಿಸ್ತಾನದ ಸೇಬರ್ ಜೆಟ್‌ಗಳೆದುರು ಹೋದರು. ಆ ಸಂಜೆ ನಾಲ್ಕು ವ್ಯಾಂಪೈರ್ ಬಿದ್ದವು, ಮೂವರು ಪೈಲಟ್‌ಗಳು ತೀರಿಕೊಂಡರು. ಮೊದಲ ಸಲ ಓದಿದಾಗ ಅರ್ಜನ್ ಸಿಂಗ್ ಅವರ ಮೇಲೆ ಸಿಟ್ಟೇ ಬಂದಿತ್ತು. ಹಳೆಯ ವಿಮಾನಗಳನ್ನು ಕಳಿಸಿದ್ದು ತಪ್ಪು ಎಂದು ಎಲ್ಲರೊಡನೆ ವಾದಿಸಿದ್ದೇನೆ. ಈಗ ಹಾಗೆ ಹೇಳಲಾರೆ. ಸಂಜೆಯಾಗುತ್ತಿತ್ತು, ಟ್ಯಾಂಕುಗಳು ಮುಂದೆ ಬರುತ್ತಿದ್ದವು. ಕಾಯ್ದಿದ್ದರೆ ಕೆಳಗಿದ್ದವರ ಗತಿ? ಅರ್ಜನ್ ಸಿಂಗ್ ಅವರೇನು ಮೇಜಿನ ಹಿಂದಷ್ಟೇ ಕೂತಿದ್ದವರೂ ಅಲ್ಲ. 1944ರಲ್ಲಿ, 25ರ ವಯಸ್ಸಿಗೆ, ಒಂದನೇ ಸ್ಕ್ವಾಡ್ರನ್ನಿನ ಮುಂದಾಳಾಗಿ ಇಂಫಾಲದಲ್ಲಿ ಜಪಾನೀಯರ ವಿರುದ್ಧ ಹರಿಕೇನ್ ಯುದ್ಧವಿಮಾನ ಹಾರಿಸಿದವರು. ಅದಕ್ಕೆ ಡಿಎಫ್‌ಸಿ ಎಂಬ ಬ್ರಿಟಿಷ್ ಶೌರ್ಯ ಪದಕ ತೊಡಿಸಿದವರು ಮೌಂಟ್‌ಬ್ಯಾಟನ್. ಆದರೂ ಆ ಮೂವರ ನೆನಪಾದರೆ ನನಗೆ ಮತ್ತೆ ಅನುಮಾನ ಬರುತ್ತದೆ.

ಅದೇ ಒಂದನೇ ಸ್ಕ್ವಾಡ್ರನ್ನಿನಲ್ಲಿ ನಮ್ಮ ಕೊಡಗಿನ ಅಜ್ಜಮಾಡ ದೇವಯ್ಯ ಇದ್ದರು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ದಾಳಿಗೆ ಹೋಗಿ, ತನಗಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ಜೆಟ್ ಅನ್ನು ಮಿಸ್ಟೀರ್ ವಿಮಾನದಲ್ಲಿ ಎದುರಿಸಿ ಉರುಳಿಸಿದರು, ತಾವೂ ಹಿಂತಿರುಗಲಿಲ್ಲ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. 23 ವರ್ಷ! ಅವರ ಬಗ್ಗೆ ಇನ್ನೊಂದು ದಿನ ಬಿಡುವಾಗಿ ಮಾತನಾಡಬೇಕು, ಈಗ ಬ್ಯಾಟರಿ ಮುಗಿಯುತ್ತಿದೆ.

ಬೇಗ ಹೇಳಿಬಿಡುತ್ತೇನೆ. ವ್ಯಾಂಪೈರ್‌ಗಳನ್ನು ಮುಂಚೂಣಿಯಿಂದ ಹಿಂದಕ್ಕೆ ಕರೆಸಿದರು, ಬೆಂಗಳೂರಿನ ಎಚ್‌ಎಎಲ್‌ನಲ್ಲೂ ತಯಾರಾಗುತ್ತಿದ್ದ ನ್ಯಾಟ್ ಯುದ್ಧವಿಮಾನಗಳು ಸೇಬರ್‌ಗಳ ಎದುರು ನಿಂತವು. 1966ರಲ್ಲಿ ಅರ್ಜನ್ ಸಿಂಗ್ ನಮ್ಮ ಮೊದಲ ಏರ್ ಚೀಫ್ ಮಾರ್ಷಲ್ ಆದರು, 2002ರಲ್ಲಿ ಅದಕ್ಕೂ ಮೇಲಿನ ವಾಯುಪಡೆಯ ಮಾರ್ಷಲ್. 2015ರಲ್ಲಿ ಕಲಾಂ ಅವರ ಅಂತಿಮ ದರ್ಶನಕ್ಕೆ ಗಾಲಿಕುರ್ಚಿಯಲ್ಲಿ ಬಂದವರು, 96ರ ವಯಸ್ಸಿನಲ್ಲಿ ಎದ್ದು ನಿಂತು ಸೆಲ್ಯೂಟ್ ಹೊಡೆದರು.

ಅಡ್ಡರೆಕ್ಕೆ ಕೂತಿತು, ನೋಡಿ, ಎರಡೂ ಕಡೆ ಸಮ. ಬಣ್ಣ ನಾಳೆ. ಆಮೇಲೆ ಇನ್ನೂ ಮೂರು ವ್ಯಾಂಪೈರ್ ಮಾದರಿಯ ಡಬ್ಬಿ ತರಬೇಕು. ಇದೊಂದನ್ನೇ ಕಪಾಟಿನಲ್ಲಿಡಲು ಮನಸ್ಸಿಲ್ಲ.