ಒಂದು ಬಾಟಲಿ ಹಾಲು ಕೊಟ್ಟರೆ ಮಗು ಬೆಳಗಿನವರೆಗೆ ಮಲಗುತ್ತದೆಯೇ?

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ, ಅದೂ ಡೊಂಬಿವಲಿಯ ಈ ಮಳೆಯಲ್ಲಿ, ಕಂಕುಳಲ್ಲಿ ಕೂಸು ಎತ್ತಿಕೊಂಡು ಇಷ್ಟು ಜನ ಬಂದಿದ್ದೀರಿ ಅಂದರೆ ಊರಲ್ಲಿ ನಿದ್ದೆಗೆಟ್ಟವರು ಎಷ್ಟಿದ್ದೀರಿ ಅಂತ ಗೊತ್ತಾಗುತ್ತದೆ. ಮಗು ಅತ್ತರೆ ಎದ್ದು ಹೊರಗೆ ಹೋಗಬೇಡಿ. ಇಲ್ಲೇ ಕುಡಿಸಿ, ನನ್ನ ಮಾತಿಗೆ ಅದರಿಂದ ಏನೂ ತೊಂದರೆಯಿಲ್ಲ.

ಮಕ್ಕಳ ಡಾಕ್ಟರ್ ಆದ ನನಗೆ ಅಜ್ಜಿಯರಿಂದ ದಿನಾ ಬರುವ ಪ್ರಶ್ನೆ ಇದು: "ಡಾಕ್ಟ್ರೇ, ನಮ್ಮ ಸೊಸೆ ಹಾಲು ತುಂಬಾ ತೆಳು. ಕೂಸು ಎರಡು ಗಂಟೆಗೊಮ್ಮೆ ಎದ್ದು ಕೂಗುತ್ತೆ. ರಾತ್ರಿ ಒಂದು ಬಾಟಲಿ ಪೌಡರ್ ಹಾಲು ಹಾಕೋಣ್ವಾ?" ಸೊಸೆ ಪಕ್ಕದಲ್ಲಿ ಸುಮ್ನೆ ಕೂತಿರುತ್ತಾಳೆ. ಅವಳನ್ನು ಯಾರೂ ಏನೂ ಕೇಳಿರುವುದಿಲ್ಲ.

ಅಜ್ಜಿಯ ಮಾತಿನಲ್ಲಿ ಅರ್ಧ ನಿಜ ಇದೆ. ಹಾಲಿನಲ್ಲಿ ಕೇಸೀನ್, ವ್ಹೇ ಅಂತ ಎರಡು ಬಗೆಯ ಪ್ರೋಟೀನ್ ಇರುತ್ತವೆ. ಕೇಸೀನ್ ಹೊಟ್ಟೆಯಲ್ಲಿ ಗಂಟು ಕಟ್ಟುತ್ತದೆ, ಕರಗಲು ಹೊತ್ತು ಬೇಕು. ವ್ಹೇ ಬೇಗ ಕೆಳಗಿಳಿಯುತ್ತದೆ. ಎದೆಹಾಲಿನಲ್ಲಿ ವ್ಹೇ ಜಾಸ್ತಿ, ಹಸುವಿನ ಹಾಲಿನಲ್ಲಿ ಪ್ರೋಟೀನಿನ ನೂರಕ್ಕೆ ಸುಮಾರು 80 ಪಾಲು ಕೇಸೀನ್. ಫಾರ್ಮುಲಾ, ಅಂದರೆ ಅಜ್ಜಿ ಹೇಳುವ ಆ ಪೌಡರ್ ಹಾಲು, ಮಾಡುವುದು ಹೆಚ್ಚಾಗಿ ಹಸುವಿನ ಹಾಲಿನಿಂದಲೇ. ಎಷ್ಟೇ ಹದ ಮಾಡಿದರೂ ಅದು ಹೊಟ್ಟೆಯಲ್ಲಿ ತುಸು ಹೆಚ್ಚು ಹೊತ್ತು ನಿಲ್ಲುತ್ತದೆ. ಹಾಗಾಗಿ ಮೊದಲ ವಾರಗಳಲ್ಲಿ ಕೆಲವು ಮಕ್ಕಳು ಫಾರ್ಮುಲಾ ಕುಡಿದು ಸ್ವಲ್ಪ ಉದ್ದ ಮಲಗಬಹುದು. ಆದರೆ ಬೇಗ ಜೀರ್ಣವಾಗುವ ಹಾಲು ಸತ್ವವಿಲ್ಲದ ಹಾಲು ಅಂತ ಯಾರು ಹೇಳಿದರು?

ಮಗು ಏಳುವುದು ಹಸಿವಿಗೊಂದೇ ಅಲ್ಲ. ಹಸುಗೂಸು ದಿನಕ್ಕೆ 14ರಿಂದ 17 ಗಂಟೆ ಮಲಗುತ್ತದೆ, ಆದರೆ ತುಂಡು ತುಂಡಾಗಿ. ಅದರ ಅರ್ಧ ನಿದ್ದೆ ಬರೀ ಗಲಾಟೆಯ ನಿದ್ದೆ. ರೆಪ್ಪೆಯೊಳಗೆ ಕಣ್ಣು ಓಡಾಡುತ್ತದೆ, ತುಟಿ ಚೀಪುತ್ತದೆ, ಮುಖ ಕೆಂಪಾಗಿ ಮುಲುಗುತ್ತದೆ, ಒಂದು ಕಾಲು ಝಾಡಿಸುತ್ತದೆ. ನೋಡಿದವರು ಎದ್ದೇಬಿಟ್ಟಿತು ಅಂತ ಎತ್ತಿಕೊಳ್ಳುತ್ತಾರೆ. ಆಗ ನಿಜವಾಗಿಯೂ ಏಳುತ್ತದೆ! ಒಂದರ್ಧ ನಿಮಿಷ ಕಾದು ನೋಡಿ, ಎಷ್ಟೋ ಸಲ ತಾನಾಗಿ ಮಲಗುತ್ತದೆ.

2015ರಲ್ಲಿ ಬ್ರಿಟನ್ನಿನಲ್ಲಿ ಆರರಿಂದ ಹನ್ನೆರಡು ತಿಂಗಳ ಮಕ್ಕಳ 700ಕ್ಕೂ ಹೆಚ್ಚು ತಾಯಂದಿರನ್ನು ಕೇಳಿ ಒಂದು ಅಧ್ಯಯನ ಪ್ರಕಟವಾಯಿತು. ಎದೆಹಾಲಿನ ಮಕ್ಕಳು, ಫಾರ್ಮುಲಾ ಮಕ್ಕಳು ರಾತ್ರಿ ಏಳುವುದರಲ್ಲಿ ವ್ಯತ್ಯಾಸವೇ ಇರಲಿಲ್ಲ. ಹಗಲು ಹೊಟ್ಟೆ ತುಂಬಾ ಉಂಡವರು ರಾತ್ರಿ ಕಡಿಮೆ ಕುಡಿದರು, ಏಳುವುದನ್ನು ಮಾತ್ರ ಬಿಡಲಿಲ್ಲ. ಅಮ್ಮಂದಿರ ನಿದ್ದೆಯ ಕಥೆಯೂ ಅಷ್ಟೇ. 2010ರ ಅಮೆರಿಕದ ಅಧ್ಯಯನವೊಂದರಲ್ಲಿ ಮೊದಲ ಮೂರು ತಿಂಗಳು ಎರಡೂ ಗುಂಪಿನ ತಾಯಂದಿರು ಮಲಗಿದ್ದು ಸರಿಸುಮಾರು ಒಂದೇ. ಇದರಲ್ಲಿ ನನಗೆ ಆಶ್ಚರ್ಯವಿಲ್ಲ. ಫಾರ್ಮುಲಾ ಅಂದರೆ ರಾತ್ರಿ ಎರಡಕ್ಕೆ ಅಡುಗೆಮನೆಯ ಲೈಟ್ ಹಾಕಬೇಕು, ನೀರು ಕುದಿಸಬೇಕು, 70 ಡಿಗ್ರಿಗಿಂತ ಕೆಳಗಿಳಿಯುವ ಮುಂಚೆ ಪುಡಿ ಕಲಸಬೇಕು, ಆಮೇಲೆ ಬಾಟಲಿಯನ್ನು ನಲ್ಲಿಯ ಕೆಳಗೆ ಹಿಡಿದು ಆರಿಸಿ ಮಣಿಕಟ್ಟಿನ ಮೇಲೆ ಎರಡು ಹನಿ ಬಿಟ್ಟು ನೋಡಬೇಕು, ಅಷ್ಟರಲ್ಲಿ ಚಾಳಿನ ಅಕ್ಕಪಕ್ಕದ ಮನೆಯವರೂ ಎದ್ದಿರುತ್ತಾರೆ.

ಇನ್ನೊಂದು ವಿಷಯ. ರಾತ್ರಿಯ ಎದೆಹಾಲಿನಲ್ಲಿ ನಿದ್ದೆಗೆ ನೆರವಾಗುವ ಮೆಲಟೋನಿನ್ ಎಂಬ ಹಾರ್ಮೋನ್ ಇರುತ್ತದೆ, ಹಗಲಿನದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಹಗಲು ರಾತ್ರಿಯ ಲೆಕ್ಕದಲ್ಲಿ ಮಗು ತಾನೇ ಅದನ್ನು ತಯಾರಿಸಲು ಸುಮಾರು ಮೂರು ತಿಂಗಳು ಬೇಕು. ಹಾಲು ಉತ್ಪತ್ತಿ ಮಾಡುವ ಪ್ರೊಲ್ಯಾಕ್ಟಿನ್ ಕೂಡ ರಾತ್ರಿಯೇ ಜಾಸ್ತಿ. ಮೊದಲ ವಾರಗಳಲ್ಲಿ ರಾತ್ರಿ ಕುಡಿಸುವುದನ್ನು ಬಿಟ್ಟು ಬಾಟಲಿ ಹಿಡಿಸಿದರೆ ಎದೆಗೆ ಬೇಡಿಕೆ ಇಳಿಯುತ್ತದೆ, ಹಾಲೂ ಇಳಿಯುತ್ತದೆ. ಒಂದು ಬಾಟಲಿ ಎರಡಾಗುವುದು ಹೀಗೆ.

ಮಗುವನ್ನು ಮಲಗಿಸುವ ಆತುರ ಈ ಮುಂಬಯಿಗೆ ಹೊಸದಲ್ಲ. 1920ರ ದಶಕದಲ್ಲಿ ಬಟ್ಟೆ ಗಿರಣಿಗೆ ಹೋಗುವ ಹೆಂಗಸರು, ಪಾಳಿ ಮುಗಿಯುವವರೆಗೆ ಕೂಸು ಏಳದಿರಲಿ ಅಂತ ಅಫೀಮಿನ ಗುಳಿಗೆ ಕೊಡುತ್ತಿದ್ದರು. ಸರ್ಕಾರಿ ವರದಿಗಳಲ್ಲೇ ಇದು ದಾಖಲಾಗಿದೆ. ಅವರನ್ನು ಬೈಯಲು ನನಗೆ ಮನಸ್ಸಿಲ್ಲ, ರಜೆಯೇ ಇಲ್ಲದವಳು ಏನು ಮಾಡಬೇಕಿತ್ತು? ಆದರೆ ಇವತ್ತು 26 ವಾರದ ರಜೆಯ ಕಾನೂನು ಇರುವಾಗಲೂ ನಿದ್ದೆ ಬರಲಿ ಅಂತ ಜಾಯಿಕಾಯಿ ತೇದು ನೆಕ್ಕಿಸುವುದು, ಬಾಟಲಿಗೆ ಅಕ್ಕಿಹಿಟ್ಟು ಬೆರೆಸುವುದು, ಪೌಡರ್ ಒಂದು ಚಮಚ ಜಾಸ್ತಿ ಹಾಕುವುದು ನಡೆದೇ ಇದೆ. ದಯವಿಟ್ಟು ಬೇಡ. ಪುಡಿ ಜಾಸ್ತಿಯಾದರೆ ಉಪ್ಪಿನಂಶ ಏರುತ್ತದೆ, ಎಳೆಯ ಮೂತ್ರಪಿಂಡ ಅದನ್ನು ತಡೆಯದು. ನೀರು ಜಾಸ್ತಿ ಮಾಡುವುದೂ ಅಷ್ಟೇ ಅಪಾಯ.

ಹಾಗಂತ ಫಾರ್ಮುಲಾ ಕೊಡುವ ತಾಯಿಯನ್ನು ಯಾರೂ ಕಟಕಟೆಗೆ ಹತ್ತಿಸಬೇಡಿ. ಹಾಲು ನಿಜವಾಗಿ ಸಾಲದಿದ್ದಾಗ, ತಾಯಿಗೆ ಕೆಲವು ಔಷಧಿ ನಡೆಯುವಾಗ ಅದು ಬೇಕೇ ಬೇಕು. ತಿಂಗಳು ತುಂಬದೆ ಹುಟ್ಟಿದ ಕೂಸುಗಳಿಗೆ ದಾನಿಗಳ ಎದೆಹಾಲೂ ಸಿಗುತ್ತದೆ, ಏಷ್ಯಾದ ಮೊದಲ ಎದೆಹಾಲಿನ ಬ್ಯಾಂಕ್ 1989ರಲ್ಲಿ ಶುರುವಾದದ್ದು ನಮ್ಮ ಮುಂಬಯಿಯ ಸಾಯನ್ ಆಸ್ಪತ್ರೆಯಲ್ಲೇ. ನನ್ನ ತಕರಾರು ಒಂದೇ, ಬರೀ ನಿದ್ದೆಯ ಆಸೆಗೆ ಹಾಲು ಬದಲಿಸಬೇಡಿ. ಆ ನಿದ್ದೆ ಸಿಗುವ ಖಾತ್ರಿ ಇಲ್ಲ.

ಅಪ್ಪಂದಿರೇ, ಹಿಂದಿನ ಸಾಲಿನವರೇ, ನಿಮಗೇ ಹೇಳುತ್ತಿರುವುದು. ಅಮ್ಮ ಕುಡಿಸಲಿ. ತೇಗಿಸುವುದು, ಬಟ್ಟೆ ಬದಲಿಸುವುದು, ಅಂಗಾತ ಮಲಗಿಸುವುದು ನಿಮ್ಮ ಪಾಲು. ಬೆಳಗ್ಗೆ 7.10ರ ಲೋಕಲ್ ಹಿಡಿಯಬೇಕು ಅಂತೀರಿ, ಗೊತ್ತು. ಅವಳಿಗೂ ರಜೆ ಮುಗಿದ ಮೇಲೆ ಅದೇ ಲೋಕಲ್ ಅಲ್ವಾ?

ಹಾಲು ಸಾಕಾಗುತ್ತಿದೆಯೇ ಅನ್ನುವುದನ್ನು ನಿದ್ದೆಯಿಂದ ಅಳೆಯಬೇಡಿ. ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಸಲವಾದರೂ ಚೆನ್ನಾಗಿ ಉಚ್ಚೆ ಹೊಯ್ಯಬೇಕು, ತೂಕ ಏರುತ್ತಿರಬೇಕು. ತೂಕದ ಯಂತ್ರ ಬಾಗಿಲ ಹತ್ತಿರದ ಮೇಜಿನ ಮೇಲೆ ಇಟ್ಟಿದ್ದೇನೆ. ಮಗುವಿನ ಬಟ್ಟೆ ಬಿಚ್ಚಿ ತನ್ನಿ, ಒಬ್ಬೊಬ್ಬರದೇ ನೋಡೋಣ.