ಅರವತ್ತನೇ ನಿಮಿಷಕ್ಕೆ ಹೊರಟವನು

ಎಲ್ಲರಿಗೂ ನಮಸ್ಕಾರ.

ಲೆಸ್ಟರ್‌ಗೆ ಬಂದು ಫುಟ್‌ಬಾಲ್ ಆಟಗಾರ ಜೇಮಿ ವಾರ್ಡಿ ಬಗ್ಗೆ ಮಾತಾಡುವುದು ಅಂದರೆ ತವರಿನವರ ಮುಂದೆ ಮಗಳ ಬಗ್ಗೆ ಹೇಳಿದ ಹಾಗೆ. ಮುಂದಿನ ಸಾಲಿನಲ್ಲಿ ಕೂತಿರುವ ಮಕ್ಕಳಲ್ಲಿ ನಾಲ್ಕು ಜನ ನೀಲಿ ಜೆರ್ಸಿ ಹಾಕಿಕೊಂಡೇ ಬಂದಿದ್ದಾರೆ. ವಾರ್ಡಿ ಇದ್ದ ನಿಮ್ಮ ಲೆಸ್ಟರ್ ಸಿಟಿ ಪ್ರೀಮಿಯರ್ ಲೀಗ್ ಗೆದ್ದಾಗ, 2016ರ ಮೇ ತಿಂಗಳಲ್ಲಿ, ಈ ಊರಿನ ಬೀದಿಗಳು ಹೇಗಿದ್ದವು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಹಾಗಾಗಿ ಆ ಕಥೆ ಬಿಡೋಣ.

ನಾನು ಹನ್ನೊಂದು ವರ್ಷದಿಂದ ಶೆಫೀಲ್ಡ್‌ನಲ್ಲಿ ಇರುವವನು. ವಾರ್ಡಿ ಹುಟ್ಟಿದ ಊರು ಅದು. ಅವನ ಕಥೆಯಲ್ಲಿ ನಿಮ್ಮ ಪಾಲಿನದು ನಿಮಗೆ ಚೆನ್ನಾಗಿ ಗೊತ್ತು. ನಮ್ಮ ಕಡೆಯ ಪಾಲು ಸ್ವಲ್ಪ ಇದೆ. ಅದನ್ನು ಹೇಳಿ ಹೋಗೋಣ ಅಂತ ಬಂದೆ.

ಶೆಫೀಲ್ಡ್‌ನಿಂದ ವಾಯವ್ಯಕ್ಕೆ ಹತ್ತು ಮೈಲಿ ಹೋದರೆ ಸ್ಟಾಕ್ಸ್‌ಬ್ರಿಜ್ ಅಂತ ಒಂದು ಊರು ಸಿಗುತ್ತದೆ. ಸುಮಾರು 13 ಸಾವಿರ ಜನ. ಇಕ್ಕಟ್ಟಾದ ಕಣಿವೆ. ಕೆಳಗೆ ಉದ್ದಕ್ಕೂ ಉಕ್ಕಿನ ಕಾರ್ಖಾನೆ, ಅದರ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಮನೆಗಳು, ಇನ್ನೂ ಮೇಲೆ ಹೋದರೆ ಫುಟ್‌ಬಾಲ್ ಮೈದಾನ. ಅದರಾಚೆ ಬರೀ ಗುಡ್ಡ, ಗಾಳಿ, ಕುರಿ.

ನಮ್ಮ ಮಲೆನಾಡಿನವರಿಗೆ ಈ ಊರಿನ ಋಣ ಒಂದಿದೆ, ಗೊತ್ತಾ? 1842ರಲ್ಲಿ ಸ್ಯಾಮ್ಯುಯೆಲ್ ಫಾಕ್ಸ್ ಅನ್ನುವವನು ಇಲ್ಲಿ ತಂತಿ ಎಳೆಯುವ ಕೆಲಸ ಶುರು ಮಾಡಿದ. ಹತ್ತು ವರ್ಷದ ಮೇಲೆ, 1852ರಲ್ಲಿ, ಕೊಡೆಗೆ ಉಕ್ಕಿನ ಕಡ್ಡಿ ಮಾಡಿದ. ಅದಕ್ಕೂ ಮೊದಲು ತಿಮಿಂಗಿಲದ ಬಾಯೊಳಗಿನ ಪಟ್ಟಿಯಿಂದ ಮಾಡಿದ ಕಡ್ಡಿ ಹಾಕುತ್ತಿದ್ದರಂತೆ. ಫಾಕ್ಸ್‌ನ ಕಡ್ಡಿ ಗಟ್ಟಿ ತಂತಿಯಲ್ಲ, ಸಣ್ಣ ದೋಣಿಯ ಹಾಗೆ ಮಡಚಿದ ಉಕ್ಕು. ತೂಕ ಕಡಿಮೆ, ಬಲ ಜಾಸ್ತಿ. ಮನೆಯಲ್ಲಿ ಉಕ್ಕಿನ ಕಡ್ಡಿಯ ಕೊಡೆ ಇದ್ದರೆ ಬಿಚ್ಚಿ ನೋಡಿ, ಆ ಮಡಿಕೆ ಕಾಣಬಹುದು.

ಕೊಡೆಯಿಂದ ಶುರುವಾದ ಕಾರ್ಖಾನೆ ಮುಂದೆ ವಿಮಾನದ ಭಾಗಗಳಿಗೆ ಬೇಕಾದ ಉಕ್ಕು ಮಾಡುವಷ್ಟು ದೊಡ್ಡದಾಯಿತು. ಕಾರ್ಖಾನೆ ಅಂದ ಮೇಲೆ ಅದಕ್ಕೊಂದು ಫುಟ್‌ಬಾಲ್ ತಂಡ ಇರಲೇಬೇಕಿತ್ತು. ಅದೇ ಸ್ಟಾಕ್ಸ್‌ಬ್ರಿಜ್ ವರ್ಕ್ಸ್. 1950ರ ದಶಕದಲ್ಲಿ ಯಾರ್ಕ್‌ಷೈರ್ ಲೀಗ್ ಅನ್ನು ಮತ್ತೆ ಮತ್ತೆ ಗೆದ್ದ ತಂಡ. 1986ರಲ್ಲಿ ಅದೂ, ಊರಿನ ಆಕ್ಸ್‌ಲಿ ಪಾರ್ಕ್ ತಂಡವೂ ಒಂದಾದವು. ಎರಡೂ ಕಡೆಯವರಿಗೆ ಬೇಜಾರಾಗದ ಹಾಗೆ ಹೆಸರನ್ನೂ ಹೊಲಿದರು. ಸ್ಟಾಕ್ಸ್‌ಬ್ರಿಜ್ ಪಾರ್ಕ್ ಸ್ಟೀಲ್ಸ್. ಊರವರ ಬಾಯಲ್ಲಿ ಬರೀ ಸ್ಟೀಲ್ಸ್. ಬೆಂಗಳೂರಿನಲ್ಲಿ ಎಚ್‌ಎಎಲ್, ಐಟಿಐ ತಂಡಗಳ ಆಟ ನೋಡಿ ಬೆಳೆದವರು ಇಲ್ಲಿ ಯಾರಾದರೂ ಇದ್ದರೆ ಇದು ಬೇಗ ಅರ್ಥವಾಗುತ್ತದೆ.

ನಾನು ಮೊದಲ ಸಲ ಅಲ್ಲಿಗೆ ಹೋದದ್ದು ನನ್ನ ಮಗನ ಕಾಟ ತಾಳಲಾರದೆ. ಅವನಿಗೆ ದೊಡ್ಡ ಪಂದ್ಯ ನೋಡಬೇಕಿತ್ತು. ಟಿಕೆಟ್ ದರ ನೋಡಿ ನನ್ನ ಎದೆ ಒಡೆಯಿತು. ಬಾ, ಇದನ್ನು ನೋಡೋಣ ಅಂತ ಗುಡ್ಡ ಹತ್ತಿಸಿದೆ. ಬ್ರಾಕನ್ ಮೂರ್ ಲೇನ್ ಅಂತ ರಸ್ತೆ. ಹೋಗಿ ನೋಡಿದರೆ ಮೈದಾನವೇ ಓರೆ! ಒಂದು ಕಡೆ ಎತ್ತರ, ಒಂದು ಕಡೆ ತಗ್ಗು. ಗೇಟಿನಲ್ಲಿ ದುಡ್ಡು ತೆಗೆದುಕೊಂಡವರೇ ಆಮೇಲೆ ಚಹಾ ಕೌಂಟರ್ ಹತ್ತಿರ ಕಂಡರು. ಸಂಬಳವಿಲ್ಲದೆ ಕೆಲಸ ಮಾಡುವವರು ಇಲ್ಲದಿದ್ದರೆ ಇಂಥ ಕ್ಲಬ್ಬು ಒಂದು ವಾರವೂ ನಡೆಯುವುದಿಲ್ಲ. ಆಟಗಾರರು ಬೈದುಕೊಳ್ಳುವುದು ಕಿವಿಗೆ ಚೆನ್ನಾಗಿ ಕೇಳಿಸುತ್ತದೆ. ಮಗನ ಇಂಗ್ಲಿಷ್ ಆವತ್ತು ತುಂಬ ಸುಧಾರಿಸಿತು.

ಈ ದೇಶದ ಫುಟ್‌ಬಾಲನ್ನು ಒಂದು ಏಣಿ ಅಂದುಕೊಳ್ಳಿ. ಮೇಲಿನ ನಾಲ್ಕು ಮೆಟ್ಟಿಲಲ್ಲಿ 92 ಕ್ಲಬ್ಬುಗಳು. ಟಿವಿ, ದುಡ್ಡು, ಹೆಸರು ಎಲ್ಲ ಹೆಚ್ಚುಕಡಿಮೆ ಅಲ್ಲೇ ಮುಗಿಯುತ್ತದೆ. ಐದನೆಯದರಿಂದ ಕೆಳಗಿನದೆಲ್ಲ ನಾನ್-ಲೀಗ್. ಅದರ ಕೆಳಗಿನ ಮೆಟ್ಟಿಲುಗಳಲ್ಲಿ ಆಡುವವರು ಹಗಲು ಬೇರೆ ಕೆಲಸ ಮಾಡುತ್ತಾರೆ. ವಾರದಲ್ಲಿ ಎರಡು ಸಂಜೆ ಅಭ್ಯಾಸ, ಶನಿವಾರ ಮಧ್ಯಾಹ್ನ ಮೂರಕ್ಕೆ ಆಟ. 2007ರಲ್ಲಿ ವಾರ್ಡಿ ಸ್ಟೀಲ್ಸ್‌ನ ಮೊದಲ ತಂಡಕ್ಕೆ ಬಂದಾಗ ಕ್ಲಬ್ಬು ಇದ್ದದ್ದು ಎಂಟನೇ ಮೆಟ್ಟಿಲಲ್ಲಿ.

ಇಲ್ಲಿ ನನ್ನದೊಂದು ತಕರಾರು ಇದೆ. ವಾರ್ಡಿ ಕಥೆ ಹೇಳುವವರೆಲ್ಲ ಒಂದೇ ಉಸಿರಿಗೆ ಹೇಳಿಬಿಡುತ್ತಾರೆ, ಫ್ಯಾಕ್ಟರಿಯಲ್ಲಿ ಇದ್ದ ಹುಡುಗ, ಪ್ರೀಮಿಯರ್ ಲೀಗ್ ಗೆದ್ದ. ಆ ಎರಡರ ನಡುವೆ ಒಂದು ಅಲ್ಪವಿರಾಮ. ಆ ಅಲ್ಪವಿರಾಮದ ಒಳಗೆ ಸ್ಟಾಕ್ಸ್‌ಬ್ರಿಜ್‌ನ ಸುಮಾರು ಏಳು ವರ್ಷ ಇದೆ. ಹುಡುಗರ ತಂಡ, ಮೀಸಲು ತಂಡ, ಆಮೇಲೆ ಮೊದಲ ತಂಡ. ಹದಿನಾರರಿಂದ ಇಪ್ಪತ್ತಮೂರು ವಯಸ್ಸು. ಫುಟ್‌ಬಾಲ್ ಆಡುವವನಿಗೆ ಅದು ಎಂಥ ವಯಸ್ಸು ಅಂತ ಯೋಚಿಸಿ. ವೇಯ್ನ್ ರೂನಿ ಆ ವಯಸ್ಸಿಗೆ ಮ್ಯಾಂಚೆಸ್ಟರ್ ಯುನೈಟೆಡ್ ಜೊತೆ ಯುರೋಪಿನ ಚಾಂಪಿಯನ್ಸ್ ಲೀಗ್ ಗೆದ್ದಾಗಿತ್ತು.

ಶೆಫೀಲ್ಡ್ ವೆನ್ಸ್‌ಡೇ ಅನ್ನುವ ಕ್ಲಬ್ಬು ವಾರ್ಡಿಯನ್ನು ಹದಿನಾರಕ್ಕೆ ಕಳಿಸಿಬಿಟ್ಟಿತು. ತೀರಾ ಸಣ್ಣ ಆಳು ಅನ್ನುವುದು ಕಾರಣ. ಕೆಲವು ತಿಂಗಳು ಅವನು ಆಟವನ್ನೇ ಬಿಟ್ಟಿದ್ದ. ಆಮೇಲೆ ಬಂದದ್ದು ಈ ಗುಡ್ಡದ ಮೇಲಿನ ಓರೆ ಮೈದಾನಕ್ಕೆ. ಮೊದಲ ತಂಡಕ್ಕೆ ಬಂದಾಗ ಸಂಬಳ ವಾರಕ್ಕೆ 30 ಪೌಂಡ್. ಹಗಲು ಒಂದು ಫ್ಯಾಕ್ಟರಿಯಲ್ಲಿ ಕೆಲಸ. ಪಾದ ಎತ್ತಲು ಆಗದವರ ಕಾಲಿಗೆ ಕಟ್ಟುವ ಆಸರೆಪಟ್ಟಿ ಇರುತ್ತದಲ್ಲ, ಅಂಥದ್ದನ್ನು ಮಾಡುವ ಜಾಗ. ಬೇರೆಯವರ ಕಾಲಿಗೆ ಬಲ ಕೊಡುವ ಕೆಲಸ ಮಾಡುತ್ತಿದ್ದವನ ಸ್ವಂತ ಕಾಲಿನ ಬೆಲೆ ಆಗ ಯಾರಿಗೂ ಗೊತ್ತಿರಲಿಲ್ಲ. ಕ್ರೂ ಅಲೆಕ್ಸಾಂಡ್ರಾ ಕ್ಲಬ್ಬು ಒಂದು ವಾರ ಟ್ರಯಲ್‌ಗೆ ಕರೆಸಿಕೊಂಡು ವಾಪಸ್ ಕಳಿಸಿತು.

ಅದೇ ಕಾಲದಲ್ಲಿ ಇನ್ನೊಂದು ಪ್ರಕರಣ. ಪಬ್ ಹೊರಗೆ ಜಗಳ. ಕಿವಿಗೆ ಶ್ರವಣಯಂತ್ರ ಹಾಕಿಕೊಂಡಿದ್ದ ಗೆಳೆಯನನ್ನು ಯಾರೋ ಆಡಿಕೊಂಡರು, ತಾನು ಕೈ ಎತ್ತಿದೆ ಅಂತ ಅವನೇ ಹೇಳಿದ್ದಾನೆ. ಕೋರ್ಟಿನಲ್ಲಿ ಹಲ್ಲೆ ಅಂತಲೇ ತೀರ್ಪಾಯಿತು. ಆರು ತಿಂಗಳು ಕಾಲಿಗೆ ಎಲೆಕ್ಟ್ರಾನಿಕ್ ಟ್ಯಾಗ್. ಸಂಜೆ ಆರರಿಂದ ಬೆಳಗ್ಗೆ ಆರರವರೆಗೆ ಮನೆ ಬಿಟ್ಟು ಹೊರಗೆ ಕಾಲಿಡುವಂತಿಲ್ಲ.

ಈಗ ಸುಮ್ನೆ ಒಂದು ಲೆಕ್ಕ ಹಾಕಿ. ಆಟ ಮೂರಕ್ಕೆ ಶುರು. ಮೊದಲರ್ಧ ಮುಗಿದಾಗ ಮೂರೂ ಮುಕ್ಕಾಲು. ಹದಿನೈದು ನಿಮಿಷ ವಿರಾಮ. ನಾಲ್ಕಕ್ಕೆ ಮತ್ತೆ ಶುರು. ಅರವತ್ತನೇ ನಿಮಿಷ ಅಂದರೆ ನಾಲ್ಕೂ ಕಾಲು. ದೂರದ ಊರಿನಲ್ಲಿ ಆಟ ಇದ್ದರೆ ಅವನು ಆಗಲೇ ಹೊರಡಬೇಕು. ಹಾಗೇ ಹೊರಡುತ್ತಿದ್ದ. ಒಂದು ಗಂಟೆ ಆಡಿ, ಬೇಲಿ ಹಾರಿ, ಹೊರಗೆ ಕಾಯುತ್ತಿದ್ದ ಅಪ್ಪ ಅಮ್ಮನ ಕಾರು ಹತ್ತಿ ಮನೆಗೆ. ಇದನ್ನು ಅವನು ಎಷ್ಟೋ ಸಲ ನಗುತ್ತಲೇ ಹೇಳಿದ್ದಾನೆ.

ನನಗೆ ಮಾತ್ರ ಇಲ್ಲಿ ಕಾಣುವುದು ಕ್ಲಬ್ಬು. ಮುಕ್ಕಾಲು ಆಟಕ್ಕೂ ನಿಲ್ಲಲಾಗದ, ಕೋರ್ಟಿನ ಕಣ್ಣಲ್ಲಿ ಇರುವ ಹುಡುಗನನ್ನು ಯಾವ ದೊಡ್ಡ ಕ್ಲಬ್ಬು ಇಟ್ಟುಕೊಳ್ಳುತ್ತಿತ್ತು ಹೇಳಿ. ಅವರೇನು ಇವನು ಮುಂದೆ ಇಂಗ್ಲೆಂಡಿಗೆ ಆಡುತ್ತಾನೆ ಅಂತ ಕನಸು ಕಂಡು ಇಟ್ಟುಕೊಂಡಿರಲಿಕ್ಕಿಲ್ಲ. ಶನಿವಾರದ ಪಟ್ಟಿಯಲ್ಲಿ ಹೆಸರು ಬರೆದರು, ಅಷ್ಟೇ. 2009ರಲ್ಲಿ ಕ್ಲಬ್ಬು ಒಂದು ಮೆಟ್ಟಿಲು ಮೇಲೂ ಹತ್ತಿತು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. 2010ರಲ್ಲಿ ಎಫ್‌ಸಿ ಹ್ಯಾಲಿಫ್ಯಾಕ್ಸ್ ಟೌನ್ ಕೊಟ್ಟದ್ದು ಸುಮಾರು 15 ಸಾವಿರ ಪೌಂಡ್. ತಮಾಷೆ ಅಂದರೆ ಆ ವರ್ಷ ಸ್ಟೀಲ್ಸ್ ಇದ್ದ ಡಿವಿಷನ್‌ನಲ್ಲೇ ಹ್ಯಾಲಿಫ್ಯಾಕ್ಸ್ ಕೂಡ ಇತ್ತು. ಪಕ್ಕದ ಮನೆಯವರೇ ಬಂದು ಹಸು ಕೊಂಡುಕೊಂಡು ಹೋದ ಹಾಗೆ. ಅದೇ ಸೀಸನ್ನಿನಲ್ಲಿ ಹ್ಯಾಲಿಫ್ಯಾಕ್ಸ್ ಲೀಗ್ ಗೆದ್ದಿತು. ಮುಂದಿನ ವರ್ಷ ಫ್ಲೀಟ್‌ವುಡ್ ಟೌನ್ ಅದರ ಹತ್ತರಷ್ಟು ದುಡ್ಡು ಕೊಟ್ಟಿತು. ಅಲ್ಲಿ ಒಂದೇ ಸೀಸನ್ನಿನಲ್ಲಿ 31 ಲೀಗ್ ಗೋಲು. 2012ರ ಮೇನಲ್ಲಿ ನಿಮ್ಮ ಲೆಸ್ಟರ್ ಕೊಟ್ಟದ್ದು 10 ಲಕ್ಷ ಪೌಂಡ್. ನಾನ್-ಲೀಗ್ ಆಟಗಾರನಿಗೆ ಅಲ್ಲಿಯವರೆಗೆ ಯಾರೂ ಅಷ್ಟು ಕೊಟ್ಟಿರಲಿಲ್ಲ. ಎರಡೇ ವರ್ಷದಲ್ಲಿ ಎಲ್ಲಿಂದ ಎಲ್ಲಿಗೆ! ಮೊದಲ ಸೀಸನ್ನಿನಲ್ಲಿ ನಾಲ್ಕೇ ಲೀಗ್ ಗೋಲು ಹೊಡೆದಾಗ ಇಲ್ಲಿ ಕೆಲವರು ಅವನನ್ನು ಬೈದದ್ದೂ ನಿಮಗೆ ನೆನಪಿರಬಹುದು. ತಲೆ ಅಲ್ಲಾಡಿಸಬೇಡಿ, ನೀವೂ ಬೈದಿರುತ್ತೀರಿ.

ಅವನು ಸತತ ಹನ್ನೊಂದು ಪ್ರೀಮಿಯರ್ ಲೀಗ್ ಪಂದ್ಯಗಳಲ್ಲಿ ಗೋಲು ಹೊಡೆದ ದಾಖಲೆ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನಗೆ ಅದಕ್ಕಿಂತ ಇಷ್ಟವಾದ ದಾಖಲೆ ಇನ್ನೊಂದಿದೆ. ಎಫ್‌ಎ ಕಪ್ ಅಂದರೆ ಮಜವಾದ ಟೂರ್ನಿ. ಚಳಿಗಾಲದ ದೊಡ್ಡ ಪಂದ್ಯಗಳಿಗೆ ಎಷ್ಟೋ ಮೊದಲು, ಬೇಸಿಗೆ ಇನ್ನೂ ಮುಗಿಯದ ಆಗಸ್ಟ್‌ನಲ್ಲೇ, ಸಣ್ಣ ಊರಿನ ಕ್ಲಬ್ಬುಗಳು ಪ್ರಿಲಿಮಿನರಿ ಅನ್ನುವ ಆರಂಭದ ಸುತ್ತುಗಳನ್ನು ಆಡಿ ಮುಗಿಸುತ್ತಾ ಇರುತ್ತವೆ. ಆಮೇಲೆ ನಾಲ್ಕು ಅರ್ಹತಾ ಸುತ್ತು. ಆಮೇಲೆ ನಿಜವಾದ ಮೊದಲನೇ ಸುತ್ತು. 2021ರ ಮೇ 15ರಂದು ವೆಂಬ್ಲಿಯಲ್ಲಿ ಲೆಸ್ಟರ್ 1-0ರಿಂದ ಚೆಲ್ಸಿಯನ್ನು ಸೋಲಿಸಿತಲ್ಲ, ಆವತ್ತು ವಾರ್ಡಿ ಆ ಪ್ರಿಲಿಮಿನರಿ ಸುತ್ತಿನಿಂದ ಫೈನಲ್‌ವರೆಗೆ ಪ್ರತಿಯೊಂದು ಸುತ್ತಿನಲ್ಲೂ ಆಡಿದ ಮೊದಲ ಆಟಗಾರನಾದ. ನಿಮ್ಮ ಫೈನಲ್‌ನ ದಾಖಲೆಗೆ ಬುನಾದಿ ಬಿದ್ದದ್ದು ಸ್ಟೀಲ್ಸ್‌ನ ಹಳದಿ ನೀಲಿ ಅಂಗಿಯಲ್ಲಿ.

ವಾರ್ಡಿ ಒಬ್ಬನೇ ಅಲ್ಲ. ಈ ಗುಡ್ಡದಿಂದ ಇಳಿದು ಹೋದವರು ಅವನಿಗಿಂತ ಮೊದಲೂ ಇದ್ದರು. ಪೀಟರ್ ಯೂಸ್ಟೇಸ್ ಹುಟ್ಟಿದ್ದೇ ಸ್ಟಾಕ್ಸ್‌ಬ್ರಿಜ್‌ನಲ್ಲಿ. ವರ್ಕ್ಸ್ ತಂಡದಿಂದ ಶೆಫೀಲ್ಡ್ ವೆನ್ಸ್‌ಡೇಗೆ ಹೋಗಿ 1966ರ ಎಫ್‌ಎ ಕಪ್ ಫೈನಲ್ ಆಡಿದರು. ವೆನ್ಸ್‌ಡೇ ಎರಡು ಗೋಲು ಮುಂದಿತ್ತು. ಆಮೇಲೆ ಎವರ್ಟನ್ ಮೂರು ಹೊಡೆದು ಕಪ್ ಒಯ್ದಿತು. ನಮ್ಮ ಕಡೆಯ ಅಜ್ಜಂದಿರು ಇವತ್ತಿಗೂ ಅದನ್ನು ಹೇಳುವಾಗ ಮನೆಯಲ್ಲಿ ಸಾವಾದವರ ಹಾಗೆ ದನಿ ತಗ್ಗಿಸುತ್ತಾರೆ.

ಲೀ ಮಿಲ್ಸ್ ಕಥೆಯಲ್ಲಿ ಒಂದು ಚಂದದ ತಿರುವು ಇದೆ. 1992ರಲ್ಲಿ ಅವನನ್ನು ಸ್ಟೀಲ್ಸ್‌ನಿಂದ ಕರೆದುಕೊಂಡು ಹೋದದ್ದು ವುಲ್ವ್ಸ್ ಕ್ಲಬ್ಬು. ಅಲ್ಲಿ ನೆಲೆ ಊರಲಿಲ್ಲ. ಪೋರ್ಟ್ ವೇಲ್ ಕ್ಲಬ್ಬಿನಲ್ಲಿ ಹೆಸರು ಮಾಡಿ, 1998ರಲ್ಲಿ 10 ಲಕ್ಷ ಪೌಂಡಿಗೆ ಬ್ರಾಡ್‌ಫರ್ಡ್ ಸಿಟಿ ಸೇರಿದ. ಆ ಸೀಸನ್ನಿನ ಕೊನೆಯ ದಿನ ಬ್ರಾಡ್‌ಫರ್ಡ್ ಪ್ರೀಮಿಯರ್ ಲೀಗ್‌ಗೆ ಹೋಗಬೇಕಾದರೆ ಗೆಲ್ಲಲೇಬೇಕಿತ್ತು. ಆಟ ಎಲ್ಲಿ? ವುಲ್ವ್ಸ್ ಮೈದಾನದಲ್ಲಿ. ಬ್ರಾಡ್‌ಫರ್ಡ್ 3-2ರಿಂದ ಗೆದ್ದಿತು, ಮೂರರಲ್ಲಿ ಒಂದು ಗೋಲು ಮಿಲ್ಸ್‌ನದು.

ನಮ್ಮ ಕಡೆ ಆಟಗಾರರು ಏಣಿ ಹತ್ತುವುದಷ್ಟೇ ಅಲ್ಲ, ಇಳಿದು ಬರುವುದೂ ಉಂಟು. ಕ್ರಿಸ್ ವಾಡ್ಲ್ ಗೊತ್ತಲ್ವಾ? ಟೋ ಲಾ ಟೌನ್ ಅನ್ನುವ ಪುಟ್ಟ ಕ್ಲಬ್ಬಿನಿಂದ ಹೋಗಿ ಇಂಗ್ಲೆಂಡಿಗೆ ವಿಶ್ವಕಪ್ ಆಡಿದವನು. 2013ರಲ್ಲಿ, 52ನೇ ವಯಸ್ಸಿಗೆ, ಶೆಫೀಲ್ಡ್‌ನ ಹ್ಯಾಲಮ್ ಕ್ಲಬ್ಬಿಗೆ ಬೂಟು ಕಟ್ಟಿಕೊಂಡು ಬಂದ. ಅಲ್ಲಿನ ಮೈದಾನ ಜಗತ್ತಿನಲ್ಲೇ ಹಳೆಯದು ಅನ್ನುತ್ತಾರೆ. ಅದೂ ಓರೆಯೇ. ಶೆಫೀಲ್ಡ್‌ನಲ್ಲಿ ಸಮತಟ್ಟಾದ ಜಾಗ ಹುಡುಕುವುದು ಮನೆ ಹುಡುಕಿದ್ದಕ್ಕಿಂತ ಕಷ್ಟ.

ಕೆಳಗಿನ ಕಾರ್ಖಾನೆ ಏನಾಯಿತು ಅಂತ ಕೇಳುತ್ತೀರಿ. 2007ರಲ್ಲಿ ಟಾಟಾದವರು ಕೋರಸ್ ಕಂಪನಿ ಕೊಂಡಾಗ ಸ್ಟಾಕ್ಸ್‌ಬ್ರಿಜ್ ಕೂಡ ಅವರ ಪಾಲಿಗೆ ಬಂತು. ಅಂದರೆ ವಾರ್ಡಿ ಮೊದಲ ತಂಡಕ್ಕೆ ಬಂದ ವರ್ಷವೇ ಊರಿನ ದೊಡ್ಡ ಧಣಿ ಜಮ್ಷೆಡ್‌ಪುರದ ಕಡೆಯವರಾದರು. 2017ರಲ್ಲಿ ಅವರು ಅದನ್ನು ಲಿಬರ್ಟಿ ಅನ್ನುವ ಕಂಪನಿಗೆ ಮಾರಿದರು. 2025ರ ಆಗಸ್ಟ್‌ನಲ್ಲಿ ಕಾರ್ಖಾನೆ ನಡೆಸುತ್ತಿದ್ದ ಲಿಬರ್ಟಿಯ ಅಂಗ ಕಂಪನಿಯನ್ನು ಮುಚ್ಚಿಸುವ ಆದೇಶವನ್ನು ಕೋರ್ಟು ಮಾಡಿ, ಕಾರ್ಖಾನೆ ಸರ್ಕಾರದ ಕಡೆಯವರ ಉಸ್ತುವಾರಿಗೆ ಹೋಯಿತು. ಹೆಸರಿನಲ್ಲಿ ಉಕ್ಕು ಇಟ್ಟುಕೊಂಡ ಕ್ಲಬ್ಬಿಗೆ ಇದು ಸಣ್ಣ ಸುದ್ದಿಯಲ್ಲ.

ಬ್ರಾಕನ್ ಮೂರ್‌ನಲ್ಲಿ ಈಗ ಒಂದು ಸ್ಟ್ಯಾಂಡ್‌ಗೆ ವಾರ್ಡಿ ಹೆಸರಿದೆ. ನಾವು ಅಲ್ಲಿಯೇ ಕೂತಿದ್ದೆವು. ಮಗ ಪಕ್ಕದ ಅಜ್ಜನನ್ನು ಕೇಳಿಯೇಬಿಟ್ಟ, ನೀವು ವಾರ್ಡಿಯನ್ನು ನೋಡಿದ್ದೀರಾ ಅಂತ. ನೋಡದೆ ಏನು, ಅಂದರು ಅವರು. ಆಮೇಲೆ ಅವನ ಬಗ್ಗೆ ಎರಡು ಮಾತು ಹೇಳಿ, ಅರ್ಧ ಗಂಟೆ ಬೇರೆ ಹೆಸರುಗಳನ್ನೇ ಹೇಳಿದರು. ನಾವು ಯಾರೂ ಕೇಳದ ಹೆಸರುಗಳು. ಒಬ್ಬ ಗೋಲ್‌ಕೀಪರ್, ಒಬ್ಬ ಬಸ್ ಡ್ರೈವರ್, ಮಂಡಿ ಹೋದ ಮೇಲೂ ಎರಡು ಸೀಸನ್ ಆಡಿದ ಇನ್ನೊಬ್ಬ. ಅವರ ಲೆಕ್ಕದಲ್ಲಿ ಹಳೆಯ ಆಟಗಾರರು ಅಂದರೆ ಇವರೆಲ್ಲ.

ಅಲ್ಲಿಂದ ಬಂದ ಮೇಲೆ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಕೂತಿದೆ. ಆ ಆರು ತಿಂಗಳು, ದೂರದ ಊರಿನ ಶನಿವಾರಗಳಲ್ಲಿ, ನಾಲ್ಕೂ ಕಾಲಿಗೆ ವಾರ್ಡಿ ಬೇಲಿ ಹಾರಿ ಹೋಗುತ್ತಿದ್ದನಲ್ಲ. ಆಟ ಇನ್ನೂ ಅರ್ಧ ಗಂಟೆ ಇರುತ್ತಿತ್ತು. ಬೆಂಚಿನ ಮೇಲೆ ಒಬ್ಬ ಜಾಕೆಟ್ ಬಿಚ್ಚಿ, ಕಾಲು ಝಾಡಿಸಿಕೊಂಡು, ಗೆರೆಯ ಹತ್ತಿರ ಬಂದು ನಿಲ್ಲುತ್ತಿದ್ದ. ಅವನಿಗೆ ಮೊದಲೇ ಗೊತ್ತು, ಇವತ್ತು ತನಗೆ ಎಷ್ಟು ನಿಮಿಷ ಅಂತ. ಸೋಮವಾರ ಅವನಿಗೂ ಕೆಲಸ. ಹೊರಗೆ ಕಾರು ಶುರುವಾದ ಸದ್ದು ಕೇಳುತ್ತದೆ, ರೆಫರಿ ಕೈ ಮಾಡುತ್ತಾನೆ, ಅವನು ಓಡಿ ಒಳಗೆ ಹೋಗುತ್ತಾನೆ.