ಒಂದು ಗೇಣು ಎತ್ತರದ ಲೆಕ್ಕ

ಕೇಳುಗರೇ, ನಮಸ್ಕಾರ.

ಸಮುದ್ರದ ಅಂಚಿನ ಜೌಗು ನೆಲ ಅಂದರೆ ಸುಮ್ನೆ ಕೆಸರು ಅಂದುಕೊಳ್ಳುವವರೇ ಜಾಸ್ತಿ. ನೀರು ಇಳಿದ ಹೊತ್ತಿನಲ್ಲಿ ದಡದಿಂದ ಕೆಳಗೆ ನಡೆದು ನೋಡಿ. ಸ್ವಲ್ಪ ದೂರದಲ್ಲೇ ಗಿಡಗಳ ಜಾತಿ ಬದಲಾಗುತ್ತದೆ. ಮೇಲೆ ಜೊಂಡು. ಅದರ ಕೆಳಗೆ ಉಪ್ಪು ತಾಳುವ ಹುಲ್ಲು. ಬಿಸಿ ಸೀಮೆಯಾದರೆ ಕಾಂಡ್ಲಾ, ಅಂದರೆ ಮ್ಯಾಂಗ್ರೋವ್ ಮರಗಳು. ನೆಲ ಒಂದು ಗೇಣು ತಗ್ಗಾದರೂ ಸಾಕು, ಉಬ್ಬರದ ನೀರು ಅಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತದೆ. ಅದನ್ನು ತಾಳುವ ಗಿಡ ಮಾತ್ರ ಉಳಿಯುತ್ತದೆ.

ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಹೆಚ್ಚಿನ ಗಿಡಗಳಿಗೆ ಅದು ವಿಷವೇ. ಕೆಲವು ಕಾಂಡ್ಲಾಗಳು ಬೇರಿನಲ್ಲೇ ಉಪ್ಪನ್ನು ತಡೆಯುತ್ತವೆ. ಇನ್ನು ಕೆಲವು ಉಪ್ಪುನೀರನ್ನೇ ಹೀರಿ, ಉಪ್ಪನ್ನು ಎಲೆಯಿಂದ ಹೊರಗೆ ಹಾಕುತ್ತವೆ. ಬಿಸಿಲಲ್ಲಿ ಅಂಥ ಎಲೆಯ ಮೇಲೆ ಸಣ್ಣ ಹರಳುಗಳು ಮಿನುಗುತ್ತವೆ. ನಾಲಿಗೆಗೆ ತಾಗಿಸಿದರೆ ಅಪ್ಪಟ ಉಪ್ಪು!

ಈ ಗಿಡಗಳು ಸುಮ್ಮನೆ ನಿಂತಿರುವುದಿಲ್ಲ. ಕಾಂಡಗಳ ಸಂದಿಯಲ್ಲಿ ನೀರಿನ ಓಟ ನಿಧಾನವಾಗುತ್ತದೆ, ಮಣ್ಣು ತಳಕ್ಕೆ ಕೂರುತ್ತದೆ. ಸತ್ತ ಬೇರೂ ಅದಕ್ಕೆ ಸೇರುತ್ತದೆ. ವರ್ಷ ಕಳೆದಂತೆ ನೆಲ ಏರುತ್ತದೆ. ಆಗ ಮೇಲಿನ ಗಿಡ ಕೆಳಗಿಳಿದು ಬಂದು ಆ ಜಾಗ ಹಿಡಿಯುತ್ತದೆ. ಮನೆ ಕಟ್ಟಿದವರು ಒಬ್ಬರು, ವಾಸಕ್ಕೆ ಬಂದವರು ಇನ್ನೊಬ್ಬರು, ಅಲ್ವಾ?

ಪಾಠದಲ್ಲಿ ಇದನ್ನು ಮೆಟ್ಟಿಲು ಹತ್ತಿದಂತೆ ವಿವರಿಸುತ್ತಾರೆ. ನನಗೆ ಅದು ಅರ್ಧ ಮಾತು ಅನ್ನಿಸುತ್ತದೆ. ಈ ಮೆಟ್ಟಿಲನ್ನು ಇಳಿಯುವುದೂ ಇದೆ. ಈಗ ಸಮುದ್ರದ ಮಟ್ಟ ಏರುತ್ತಿದೆ. ನದಿಯ ಮಣ್ಣು ಬಂದು ಸೇರುತ್ತಿದ್ದರೆ ನೆಲವೂ ಜೊತೆಗೆ ಏರಬಹುದು. ಆದರೆ ಎಷ್ಟೋ ನದಿಗಳ ಮಣ್ಣು ಅಣೆಕಟ್ಟುಗಳ ಹಿಂದೆಯೇ ಉಳಿದುಬಿಡುತ್ತದೆ.

ಉತ್ತರ ಅಮೆರಿಕದ ಪೂರ್ವ ಕರಾವಳಿಯಲ್ಲಿ ಉಪ್ಪುನೀರು ಕಾಡಿನ ಬೇರಿಗೆ ಮುಟ್ಟಿದೆ. ಮರಗಳು ನಿಂತಲ್ಲೇ ಒಣಗಿ ಬೆಳ್ಳಗಾಗಿವೆ. ಅಲ್ಲಿಯವರು ಇವನ್ನು ದೆವ್ವದ ಕಾಡು ಅನ್ನುತ್ತಾರೆ. ದೊಡ್ಡ ಮರ ಸಾಯುವ ಮೊದಲೇ ಸುಳಿವು ಸಿಗುತ್ತದೆ. ಮೇಲೆ ಎಲೆ ಹಸಿರಾಗಿಯೇ ಇರುತ್ತದೆ, ಬುಡದಲ್ಲಿ ಮಾತ್ರ ಹೊಸ ಸಸಿ ಏಳುವುದಿಲ್ಲ. ಎಳೆಯ ಬೇರು ಅಷ್ಟು ಉಪ್ಪು ತಾಳದು. ಆ ಖಾಲಿ ಜಾಗಕ್ಕೆ ಕೆಳಗಿನ ಹುಲ್ಲು ಮೆಲ್ಲಗೆ ಹತ್ತಿ ಬರುತ್ತದೆ. ಕಾಡು ಹೋದರೂ ಜೌಗು ಉಳಿಯುತ್ತದೆ.

ಆದರೆ ಹುಲ್ಲಿನ ಹಿಂದೆ ತಡೆಗೋಡೆಯೋ ರಸ್ತೆಯೋ ಇದ್ದರೆ ಹತ್ತಲು ಜಾಗವೇ ಇಲ್ಲ. ಎದುರಿನಿಂದ ನೀರು ಬರುತ್ತದೆ, ಬೆನ್ನಿಗೆ ಕಾಂಕ್ರೀಟ್. ಅಲ್ಲಿ ಹುಲ್ಲಿನ ಪಟ್ಟಿ ವರ್ಷ ವರ್ಷವೂ ಸಣ್ಣದಾಗುತ್ತಾ ಗೋಡೆಯ ಬುಡಕ್ಕೆ ಬಂದು ನಿಲ್ಲುತ್ತದೆ.

ನಮಸ್ಕಾರ.